ಅಕ್ಕನ ಮನಿ ಮಾರಿದ ಮಳೆಗಾಲ

ಖಾನಾಪುರದ ಸ್ಟೇಷನ್ ರೋಡಿನಲ್ಲಿ ಗುರೆಳ್ಳು ಹುರಿಯುವ ವಾಸನೆ ಬಂತೆಂದರೆ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದೆ. ಕೆಲವು ವರ್ಷ ಹೀಗೇ ನಡೆಯಿತು. ಕೆಲಸವಿದ್ದರೆ ಬೆಳಗಾವಿಯಿಂದ ಬಸ್ಸು ಹತ್ತಿ ಹೋಗುವುದು, ಕೆಲಸ ಮುಗಿಸುವುದು, ಊಟದ ಹೊತ್ತಾಗುವ ಮೊದಲೇ ವಾಪಸ್ ಬರುವುದು. ಈ ಸಲದ ಆಷಾಢದಲ್ಲಿ ಮಾತ್ರ ದಾಟಲಿಲ್ಲ. ಕೊಡೆ ಮಡಚಿ, ವಾಸನೆ ಬರುತ್ತಿದ್ದ ಬಾಗಿಲಿನ ಎದುರಿಗೇ ಹೋಗಿ ನಿಂತೆ. ಬಾಗಿಲ ಮೇಲೆ ಬಿಳಿ ಬಣ್ಣ ಬಳಿದ ಹಲಗೆ. ಅದರ ಮೇಲೆ ಕೆಂಪಿನಲ್ಲಿ ‘ಊಟ ಐತಿ’ ಎಂದಷ್ಟೇ ಬರೆದಿತ್ತು. ಬಿಳಿ ಬಣ್ಣದ ಅಡಿಯಲ್ಲಿ ಹಳೆಯ ಅಕ್ಷರಗಳ ಉಬ್ಬು ಮಳೆಗೆ ನೆನೆದು ಎದ್ದು ಕಾಣುತ್ತಿತ್ತು. ಆ ಹಳೆಯ ಅಕ್ಷರ ಬರೆದವನು ನಾನು. ಅಳಿಸಿದವನೂ ನಾನೇ. ‘ಊಟ ಐತಿ’ ಮಾತ್ರ ಯಾರೋ ಬೇರೆಯವರ ಕೈಯದು, ‘ತಿ’ ಒಂದು ಕಡೆ ವಾಲಿದೆ.

ನನ್ನ ಕಸುಬು ಹೆಸರು ಮಾರುವುದು. ಇಂಟರ್ನೆಟ್ಟಿನಲ್ಲಿ ಅಂಗಡಿಗೋ ಕಂಪನಿಗೋ ಒಂದು ವಿಳಾಸ ಇರುತ್ತದೆ, ಕೊನೆಗೆ ಡಾಟ್ ಕಾಮ್ ಅಂತ ಬರುತ್ತದಲ್ಲ, ಅದು. ಡೊಮೇನ್ ಎನ್ನುತ್ತಾರೆ. ಒಂದು ಹೆಸರು ಇಡೀ ಜಗತ್ತಿನಲ್ಲಿ ಒಬ್ಬರಿಗೇ. ಮೊದಲು ಹೋಗಿ ಬರೆಸಿಕೊಂಡವನದು. ವರ್ಷ ವರ್ಷ ಫೀ ಕಟ್ಟುವ ತನಕ ಅವನದಾಗಿ ಇರುತ್ತದೆ, ಕಟ್ಟುವುದು ಬಿಟ್ಟರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಇದನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಬೈಲಹೊಂಗಲದ ಕಡೆಯ ಹಳ್ಳಿಯಿಂದ ಬೆಳಗಾವಿಗೆ ಬಂದಾಗ ಟೆಂಪೋಗಳಿಗೆ ನಂಬರ್ ಪ್ಲೇಟ್ ಬರೆಯುತ್ತಿದ್ದೆ. ಆಮೇಲೆ ಅಂಗಡಿಗಳ ಬೋರ್ಡು. ಆಮೇಲೆ ಟಿಳಕವಾಡಿಯ ಎರಡನೇ ಗೇಟಿನ ಹತ್ತಿರ ಸಣ್ಣ ಅಂಗಡಿ ಹಿಡಿದು, ಕಂಪ್ಯೂಟರ್ ಇಟ್ಟು, ವಿಸಿಟಿಂಗ್ ಕಾರ್ಡು, ಲಗ್ನಪತ್ರಿಕೆ. ಊರಿನ ಹೆಸರು ಇಂಗ್ಲಿಷಿನಲ್ಲಿ ಬದಲಾದಾಗ ಇಡೀ ಊರು ನನ್ನಂಥವರ ಹತ್ತಿರ ಬೋರ್ಡು ತಿದ್ದಿಸಲು ಬಂತು. ಎಲ್ಲರೂ ಹಳೆಯ ಅಕ್ಷರ ಅಳಿಸಿ ಹೊಸದು ಬರೆಯುವ ಗಡಿಬಿಡಿಯಲ್ಲಿದ್ದಾಗ, ನಾನು ಹೊಸ ಸ್ಪೆಲಿಂಗಿನ ಮುಂದೆ ಕುಂದಾ, ಕಲ್ಯಾಣ ಮಂಟಪ, ಬಾಡಿಗೆ ಮನೆ ಎಂದೆಲ್ಲ ಹಚ್ಚಿ ಹೆಸರುಗಳನ್ನು ಬರೆಸಿಕೊಂಡೆ. ಇವನಿಗೆ ತಲೆ ಕೆಟ್ಟಿದೆ ಎಂದು ಬಾಜೂ ಅಂಗಡಿಯವರು ನಕ್ಕರು. ಅವರಲ್ಲಿ ಇಬ್ಬರು ಆಮೇಲೆ ನನ್ನ ಹತ್ತಿರವೇ ಬಂದು ಕೊಂಡರು. ರಾಮತೀರ್ಥ ನಗರದ ನನ್ನ ಮನೆಯ ಮೇಲಿನ ಅಂತಸ್ತು ಎದ್ದದ್ದು ಆ ನಗುವಿನ ಮೇಲೆ.

ಬೆಲೆ ಕಟ್ಟುವುದನ್ನು ಕಲಿಸಿದವನು ಅಪ್ಪ. ಕುರಿ ಕಾಯುತ್ತಿದ್ದ. ಕುರಿ ನೋಡಲು ಅವನು ಕಣ್ಣು ಬಳಸುತ್ತಿರಲಿಲ್ಲ. “ಉಣ್ಣೆ ಮೋಸ ಮಾಡತೈತಿ” ಎನ್ನುತ್ತಿದ್ದ. ಸೊಂಟದ ಮೇಲೆ ಕೈಯಿಟ್ಟು ಹೆಬ್ಬೆರಳಿನಿಂದ ಬೆನ್ನೆಲುಬು ಒತ್ತಿ ನೋಡುತ್ತಿದ್ದ. ಎಲುಬು ಚುಚ್ಚಿದರೆ ಒಂದು ರೇಟು, ಕೈಗೆ ಸಿಗದಿದ್ದರೆ ಇನ್ನೊಂದು. ಹೆಸರಿಗೂ ನಾನು ಹಾಗೇ ಮಾಡುತ್ತೇನೆ. ನೋಡಲು ಚೆಂದ ಇರುವುದೆಲ್ಲ ಉಣ್ಣೆ. ಫೋನಿನಲ್ಲಿ ಒಮ್ಮೆ ಹೇಳಿದರೆ ಆಚೆಯವನು ಸ್ಪೆಲಿಂಗ್ ಕೇಳದೆ ಬರೆದುಕೊಳ್ಳುತ್ತಾನೋ ಇಲ್ಲವೋ, ಅಲ್ಲಿ ಮಾಂಸ ಇದೆ. ಈ ಹೆಸರು ಬೇಕಾದವನು ಒಬ್ಬನೋ, ಹತ್ತು ಮಂದಿಯೋ? ಒಬ್ಬನೇ ಆದರೆ ಅವನಿಗೆ ಅವಸರ ಎಷ್ಟಿದೆ? ಇದಿಲ್ಲದಿದ್ದರೆ ಅವನಿಗೆ ಬೇರೆ ದಾರಿ ಇದೆಯೋ? ಇಷ್ಟು ಕೈಗೆ ಹತ್ತಿದರೆ ರೇಟು ತಾನಾಗಿ ಬಾಯಿಗೆ ಬರುತ್ತದೆ. ಕಂಪ್ಯೂಟರೇ ಬೆಲೆ ಹೇಳುವ ವೆಬ್‌ಸೈಟುಗಳಿವೆ, ಅವನ್ನು ನಂಬಬೇಡಿ. ಅವು ಉಣ್ಣೆ ನೋಡಿ ಹೇಳುತ್ತವೆ.

ಮಾರುವ ಹೊತ್ತನ್ನು ಕಲಿಸಿದವನೂ ಅವನೇ. ಬಕ್ರೀದ್ ಹತ್ತಿರ ಬಂದಂತೆ ಟಗರಿನ ರೇಟು ಏರುತ್ತದೆ. ಮೊದಲ ಗಿರಾಕಿಗೆ ಕೊಟ್ಟವನು ಹುಂಬ. ಹಬ್ಬದ ಮರುದಿನಕ್ಕೆ ಉಳಿಸಿಕೊಂಡವನು ಅವನಿಗಿಂತ ದೊಡ್ಡ ಹುಂಬ, ಅದೇ ಟಗರಿಗೆ ಮೇವು ಹಾಕುತ್ತ ಮತ್ತೊಂದು ವರ್ಷ ಕೂಡಬೇಕು. ಹೆಸರೂ ಮೇವು ತಿನ್ನುತ್ತದೆ. ವರ್ಷದ ಫೀ ಸಣ್ಣದು ಅನಿಸುತ್ತದೆ, ಐವತ್ತು ಹೆಸರು ಕಟ್ಟಿಕೊಂಡು ಕೂತು ನೋಡಿ. ಹಾಗಾಗಿ ನನ್ನನ್ನು ಕೇಳಿದವರಿಗೆಲ್ಲ ಹೇಳುತ್ತೇನೆ: ಎರಡು ವರ್ಷ ಯಾರೂ ಕೇಳದ ಹೆಸರನ್ನು ಬಿಟ್ಟುಬಿಡಿ, ಮಮತೆ ಬೇಡ. ಕೇಳಿಕೊಂಡು ಬಂದವನಿದ್ದರೆ ಅವನ ಹಬ್ಬ ಯಾವಾಗ ಎಂದು ಪತ್ತೆ ಹಚ್ಚಿ. ಹಬ್ಬದ ಹಿಂದಿನ ದಿನ ಮಾರಿ.

ಈ ಮಾತಿನಲ್ಲಿ ಒಂದು ತುಂಡು ಕಡಿಮೆ ಇದೆ. ಅದು ನನಗೆ ಖಾನಾಪುರದ ಆ ಮಳೆಗಾಲದಲ್ಲಿ ಗೊತ್ತಾಯಿತು.

ಶಾಂತಕ್ಕ ಸ್ಟೇಷನ್ ರೋಡಿನಲ್ಲಿ ಒಂದು ಹಳೆಯ ಹೆಂಚಿನ ಮನೆಯನ್ನು ಬಾಡಿಗೆ ಹಿಡಿದು ಖಾನಾವಳಿ ನಡೆಸುತ್ತಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಎಲ್ಲಕ್ಕೂ ಮೇಲೆ ಗುರೆಳ್ಳು ಚಟ್ನಿ. ಅರ್ಧ ಊರು ಮರಾಠಿ, ಅರ್ಧ ಕನ್ನಡ. ಎರಡೂ ಕಡೆಯವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ‘ಅಕ್ಕಾ’ ಎಂದೇ ಕೂಗುತ್ತಿದ್ದರು. ಕೈಯಲ್ಲಿ ಇಲ್ಲದವರು ‘ನಾಳೆ ಕೊಡತೀನಿ ಅಕ್ಕಾ’ ಎಂದು ಎದ್ದು ಹೋಗುತ್ತಿದ್ದರು, ಅವಳು ತಿರುಗಿ ನೋಡುತ್ತಿರಲಿಲ್ಲ. ನಾನು ಬೋರ್ಡು ಬರೆಯಲು ಹೋದವನು ವಾರಕ್ಕೊಮ್ಮೆ ಉಣ್ಣಲು ಹೋಗುವವನಾದೆ. ಅವಳಿಗೆ ಅಣ್ಣತಮ್ಮಂದಿರಿರಲಿಲ್ಲ. ನಾಗರ ಪಂಚಮಿಗೆ ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಾಗ ಅವಳೊಬ್ಬಳೇ ತವೆಯ ಮುಂದೆ ಕೂತಿರುತ್ತಿದ್ದಳು. ಒಂದು ವರ್ಷ ನಾನೇ ಸ್ಕೂಟರ್ ತೆಗೆದುಕೊಂಡು ಹೋಗಿ, “ಏಳು ಅಕ್ಕಾ, ಕರಿಯಾಕ ಬಂದೇನಿ” ಅಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಲ್ಲಿಂದ ಪ್ರತಿ ಪಂಚಮಿಗೂ ಅವಳು ನಮ್ಮ ಮನೆಗೆ ಬರುವುದು, ಬರುವಾಗ ಒಂದು ಡಬ್ಬಿ ಶೇಂಗಾ ಉಂಡಿ, ಒಂದು ಡಬ್ಬಿ ಅಂಟಿನ ಉಂಡಿ ತರುವುದು ಪದ್ಧತಿಯಾಯಿತು.

ಖಾನಾವಳಿಗೆ ಇಂಟರ್ನೆಟ್ಟಿನಲ್ಲಿ ಹೆಸರು ಬರೆಸಲು ಹಚ್ಚಿದವನೂ ನಾನೇ. ಗೋವಾಕ್ಕೆ ಹೋಗುವ ಕಾರಿನವರು ಈಗ ಫೋನಿನಲ್ಲಿ ಹುಡುಕಿಕೊಂಡು ಊಟಕ್ಕೆ ಬರುತ್ತಾರೆ ಅಂತ ತಿಳಿಸಿ ಹೇಳಿದೆ. ಬೋರ್ಡಿನ ಮೇಲೆ ‘ಅಕ್ಕನ ಮನಿ’ ಎಂದು ಕನ್ನಡದಲ್ಲಿ ಬರೆದಾಗಿತ್ತು. ಇಂಗ್ಲಿಷಿಗೆ ಬಂದಾಗ ಜಗಳ. ಹೆಸರಿನ ಕೊನೆಗೆ ಇಂಗ್ಲಿಷಿನ ‘ಇ’ (e) ಹಾಕಿದರೆ ಓದುವವರು ಮನೆ ಎಂದು ಓದುತ್ತಾರೆ, ‘ಐ’ (i) ಹಾಕಿದರೆ ಮನಿ ಎಂದು.

“ಮನೆ ಅಂತಾನ ಹಾಕೂಣಕ್ಕಾ, ಎಲ್ಲಾರಿಗೂ ತಿಳಿತೈತಿ,” ಅಂದೆ.

“ಇಲ್ಲಿ ಮನೆ ಅಂತ ಯಾರಂತಾರೋ? ಪುಸ್ತಕದಾಗ ಅಂತಾರ. ನಾ ನೀಡೂದು ಪುಸ್ತಕದಾಗಿನ ಮಂದಿಗೇನು?”

“ಹಂಗಲ್ಲಾ, ಬೆಂಗಳೂರಾವ್ರು ಹುಡುಕಿದ್ರ...”

“ಬೆಂಗಳೂರಾವ್ರು ಹಸಿದ್ರ ಬೆಂಗಳೂರಾಗ ಉಣ್ಣಲಿ.”

“ಎರಡೂ ತಗೊಂಡ್ಬಿಡೂಣು. ಮನೇನೂ ಇರಲಿ, ಮನೀನೂ ಇರಲಿ.”

“ಯಾಕ, ನನಗೇನು ಎರಡು ಅಡಗಿಮನಿ ಅದಾವೇನು? ಐ ಹಾಕು, ಸುಮ್ಮ ಉಣ್ಣು.”

ಐ ಹಾಕಿದೆ. ನನ್ನ ಕೈಗೆ ಅದು ಕುಂಟು ಕುರಿ. ನಮ್ಮ ಕಡೆಯ ಬಾಯಿಗೆ ಮಾತ್ರ ಹೊಂದುವ ಹೆಸರು ಇದು, ಧಾರವಾಡ ದಾಟಿದರೆ ಇದಕ್ಕೆ ಗಿರಾಕಿ ಇಲ್ಲ ಎಂದು ತೀರ್ಮಾನಿಸಿ ಮರೆತೂಬಿಟ್ಟೆ.

ಆ ವರ್ಷ ಮಿರುಗದ ಮಳೆ ಒಣ ಗಾಳಿಯಲ್ಲೇ ಹೋಯಿತು, ಆರಿದ್ರಾ ಹಿಡಿದದ್ದು ಬಿಡಲೇ ಇಲ್ಲ. ಖಾನಾಪುರದ ಮಳೆ ಬೆಳಗಾವಿಯ ಮಳೆಯಲ್ಲ. ಬೆಳಗಾವಿಯಲ್ಲಿ ಅದು ದಿನವಿಡೀ ಪಿರಿಪಿರಿ ಮಾಡುತ್ತದೆ, ಖಾನಾಪುರದಲ್ಲಿ ಮೈಮೇಲೆ ಬೀಳುತ್ತದೆ. ಮಲಪ್ರಭೆ ಕೆಂಪಗೆ ತುಂಬಿ ಓಡುತ್ತಿತ್ತು. ಶಾಂತಕ್ಕನ ಹೆಂಚು ಸೋರಿ, ಉಣ್ಣುವವರು ತಾಟು ಎತ್ತಿಕೊಂಡು ಜಾಗ ಬದಲಿಸುತ್ತಿದ್ದರು. ಅದೇ ಮಳೆಯಲ್ಲಿ ಮನೆಯ ಮಾಲಕ ಬಂದು, “ಈ ಮನಿ ಮಾರಾಂವ ಅದೇನ್ರಿ. ಬೇಕಾದ್ರ ನೀವ ತಗೋರ್ರಿ, ಇಲ್ಲಂದ್ರ ದೀಪಾವಳಿಗೆ ಖಾಲಿ ಮಾಡ್ರಿ” ಅಂದು ಹೋದ. ಇಷ್ಟು ವರ್ಷ ಊರಿಗೆಲ್ಲ ಅಕ್ಕನ ಮನಿ ಆಗಿದ್ದದ್ದು ಅಕ್ಕನ ಮನಿ ಆಗಿರಲಿಲ್ಲ. ಅವಳು ಕೈಯಲ್ಲಿದ್ದದ್ದು, ಕೊರಳಲ್ಲಿದ್ದದ್ದು ಎಲ್ಲ ಕೂಡಿಸಿ ನೋಡಿದಳು. ಅರ್ಧಕ್ಕೆ ಬಂತು.

ಅದೇ ವಾರ ನನಗೆ ಮೇಲ್ ಬಂತು. ಅಕ್ಕನಮನಿ ಡಾಟ್ ಕಾಮ್ ಮಾರುತ್ತೀರಾ ಎಂದು. ಐ ಅಕ್ಷರದ್ದೇ. ಮೊದಲು ಹೇಳಿದ ರೇಟು ಒಂದು ತಿಂಗಳ ಬಾಡಿಗೆಯಷ್ಟು. ಅಲ್ಲೇ ನನ್ನ ಮೂಗಿಗೆ ವಾಸನೆ ಹತ್ತಿತು. ಬೇಡವಾದವನು ಮೇಲ್ ಬರೆಯುವುದಿಲ್ಲ. ನಾನು “ನೋಡೂಣ್ರಿ” ಅಂತ ಬರೆದು ಸುಮ್ಮನಾದೆ. ನಮ್ಮ ಕಡೆ ‘ನೋಡೂಣ್ರಿ’ ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ನೀ ಇನ್ನೊಂದು ಮೆಟ್ಟಿಲು ಹತ್ತು ಅಂತ. ಅವರು ಹತ್ತಿದರು. ನಾನು ಸುಮ್ಮನಿದ್ದೆ. ಮತ್ತೆ ಹತ್ತಿದರು.

ಈ ನಡುವೆ ಒಂದು ಕೆಲಸ ಮಾಡಿದೆ. ‘ಇ’ ಅಕ್ಷರದ ಹೆಸರು, ಅಂದರೆ ಅಕ್ಕನಮನೆ, ಯಾರ ಹತ್ತಿರವೂ ಇರಲಿಲ್ಲ. ಯಾರು ಬೇಕಾದರೂ ಸಣ್ಣ ಫೀ ಕಟ್ಟಿ ಬರೆಸಿಕೊಳ್ಳಬಹುದಿತ್ತು. ಇದು ಅವರ ಕಣ್ಣಿಗೆ ಬಿದ್ದರೆ ನಮ್ಮ ಕುರಿ ಯಾರಿಗೂ ಬೇಡ. ಅವತ್ತೇ ನಾನು ಅದನ್ನೂ ನನ್ನ ಹೆಸರಿಗೆ ಬರೆಸಿ ಬೇಲಿ ಹಾಕಿಬಿಟ್ಟೆ. ಆಮೇಲೆ ಅವರ ಕಡೆಯ ಸಾಹೇಬನೊಬ್ಬ ಫೋನು ಮಾಡಿದಾಗ, ಸಹಜವಾಗಿ ಎಂಬಂತೆ, “ಮನೆ ಅಂತ ಇರೋದೂ ನಮ್ಮ ಹತ್ತಿರಾನೇ ಐತ್ರಿ, ಎರಡೂ ಕೂಡೇ ಕೊಡತೀನಿ” ಅಂದೆ. ಸಾಹೇಬ ನಕ್ಕ. “ಅದು ನಮಗೆ ಬೇಡ ಸಾರ್. ಮನಿ ಒಂದಿದ್ರೆ ಸಾಕು,” ಅಂದ. ಬೆಂಗಳೂರಿನ ಕಡೆಯ ಕನ್ನಡ. ಆ ಬಾಯಲ್ಲಿ ‘ಮನಿ’ ಬಂದಾಗ ನಾನು ಕಿವಿ ನಿಮಿರಿಸಬೇಕಿತ್ತು. ನಮ್ಮ ಭಾಷೆಯ ಮೇಲೆ ಪ್ರೀತಿ ಇರುವ ಮನುಷ್ಯ ಅಂದುಕೊಂಡೆ.

ಮಾತಿನ ನಡುವೆ ಅವನೇ ಕೇಳಿದ: “ನಿಮ್ಮ ಕಡೆ ಪಂಚಮಿ ದೊಡ್ಡ ಹಬ್ಬ ಅಲ್ವಾ? ಹೆಂಗಸರೆಲ್ಲ ತವರಿಗೆ ಬರ್ತಾರಂತೆ. ಈ ಸಲ ಯಾವಾಗ?”

ಫೋನಿಟ್ಟು ನಾನು ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಹಬ್ಬ ಸಿಕ್ಕಿತು! ಅವರಿಗೆ ಪಂಚಮಿಯೊಳಗೆ ಈ ಹೆಸರು ಬೇಕು. ಇನ್ನು ನಾನು ಆಡುವುದೇನೂ ಇಲ್ಲ, ಮಳೆ ನೋಡುತ್ತ ಕೂತರೆ ಸಾಕು.

ಖಾನಾಪುರಕ್ಕೆ ಹೋಗಿ ಎಲ್ಲ ಹೇಳಿದೆ. ಒಲೆಯ ಹತ್ತಿರ ಸುಗಂಧಾ ರೊಟ್ಟಿ ಬಡಿಯುತ್ತಿದ್ದಳು. ಅವಳು ಅಲ್ಲಿ ದುಡಿಯುವವಳು, ಮರಾಠಿ ಹೆಂಗಸು. ಕನ್ನಡ ಆಡುವಾಗಲೂ ನಡುನಡುವೆ ಮರಾಠಿ ಬಂದುಬಿಡುತ್ತಿತ್ತು. ಅವಳ ರೊಟ್ಟಿಯ ಸಪ್ಪಳ ಸ್ಟೇಷನ್ನಿನವರೆಗೂ ಕೇಳುತ್ತದೆ ಎಂದು ಎಲ್ಲರೂ ಚೇಷ್ಟೆ ಮಾಡುತ್ತಿದ್ದರು.

“ಹೆಸರು ಮಾರಿದ್ರ ಬೋರ್ಡು ತಗೀಬೇಕೇನು?” ಶಾಂತಕ್ಕ ಕೇಳಿದಳು.

“ಯಾಕ ತಗೀತಿ? ಬೋರ್ಡ್ ನಿಂದು. ಅವ್ರಿಗೆ ಬೇಕಾಗಿರೂದು ಬರೇ ಕಂಪ್ಯೂಟರಿನಾಗಿನ ಹೆಸರು.”

“ಯಾರವರು? ಖಾನಾವಳಿ ಮಾಡಾವ್ರೇನು?”

“ದೊಡ್ಡ ಕಂಪನಿ ಅಂತ. ಏನರೆ ಮಾಡಲಿ ಅಕ್ಕಾ, ನಮಗೇನು?”

“ಅಷ್ಟು ಕೊಡತಾರಂದ್ರ ಚಲೋ ಮಂದೀನ ಇರಬೇಕು ಬಿಡು.”

ಸುಗಂಧಾ ರೊಟ್ಟಿ ತವೆಗೆ ಹಾಕಿ ತಿರುಗಿದಳು. “ಅಕ್ಕಾ, ಹೆಸರು ಮಾರಿಂದ ನಿನಗ ಏನಂತ ಕರೀಬೇಕು?”

“ಏನರೆ ಕರಿ, ರೊಟ್ಟಿ ಹೊತ್ತಸಬ್ಯಾಡ.”

ಪಂಚಮಿ ಹತ್ತಿರ ಬಂದಂತೆ ಶಾಂತಕ್ಕನ ಧೈರ್ಯ ಕರಗಿತು. ಮಾಲಕನಿಗೆ ಬೇರೆ ಗಿರಾಕಿ ಬಂದಿದ್ದಾನಂತೆ. “ತಮ್ಮಾ, ಕೊಟ್ಟಬಿಡೋ, ಸಾಕು” ಎಂದು ದಿನಾ ಫೋನು. ನಾನು, “ಅಕ್ಕಾ, ಟಗರಿನ ಹಗ್ಗ ನನ್ನ ಕೈಯಾಗ ಐತಿ, ನೀ ಒಲಿ ನೋಡ್ಕೋ” ಎನ್ನುತ್ತಿದ್ದೆ. ಹಬ್ಬದ ಹಿಂದಿನ ವಾರ ಸಾಹೇಬನೇ ಸೋತು ಫೋನು ಮಾಡಿದ. ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದಕ್ಕಿಂತ ಮೇಲಿನ ಅಂಕಿ ಅವನ ಬಾಯಿಂದಲೇ ಬಂತು. ಆಗಲೂ ನಾನು ತಕ್ಷಣ ಹೂಂ ಅನ್ನಲಿಲ್ಲ, ಕೆಮ್ಮಿದೆ. ಆ ಕೆಮ್ಮಿಗೆ ಇನ್ನಷ್ಟು ಬಂತು. ಇಂಥ ವ್ಯವಹಾರದಲ್ಲಿ ರೊಕ್ಕ ಹಿಡಿದಿಡುವ ನಡುವಿನ ಏಜೆನ್ಸಿಯ ಹತ್ತಿರ ಅದು ಜಮಾ ಆಗುವ ತನಕ, ಹೆಸರನ್ನು ಅವರ ಖಾತೆಗೆ ದಾಟಿಸುವ ಕೋಡು ನಂಬರು ಕೊಡಲಿಲ್ಲ. ಇದನ್ನು ನೀವೂ ನೆನಪಿಡಿ, ಯಾರು ಎಷ್ಟೇ ಸಿಹಿ ಮಾತಾಡಲಿ, ಕೋಡು ಕೊನೆಗೆ.

ಶಾಂತಕ್ಕನಿಗೆ ಕೊರತೆ ಬಿದ್ದಿದ್ದ ಅರ್ಧ ಅದರಲ್ಲೇ ತುಂಬಿತು. ಮನೆ ಅವಳ ಹೆಸರಿಗೆ ನೋಂದಣಿಯಾದ ದಿನ ಅವಳು ಬೋರ್ಡನ್ನು ಕೆಳಗಿಳಿಸಿ, ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಹಾಗೆ ತಿಕ್ಕಿ ತೊಳೆದಳು. “ಈಗ ಖರೇ ಆತು ನೋಡು ಇದು,” ಅಂದಳು. ನನ್ನ ದಲಾಲಿಯನ್ನು ನಾನು ಬೇಡ ಎಂದರೂ ಕೈಯಲ್ಲಿ ಇಟ್ಟಳು. ಅದರಲ್ಲಿ ಅಂಗಡಿಗೆ ಇನ್ವರ್ಟರ್ ಕೊಂಡೆ. ಆ ಪಂಚಮಿಯ ಉಂಡಿಯ ಡಬ್ಬಿ ಎರಡಲ್ಲ, ನಾಲ್ಕು.

ಪಂಚಮಿ ಮುಗಿದ ಮೇಲೆ ಯಾವುದೋ ಕೆಲಸಕ್ಕೆ ಖಾನಾಪುರ ಬಸ್ ನಿಲ್ದಾಣದಲ್ಲಿ ಇಳಿದೆ. ಎದುರಿನ ಗೋಡೆಯ ತುಂಬ ಹೊಸ ಪೋಸ್ಟರು, ಮಳೆ ನೀರು ಇಳಿಯುತ್ತಿತ್ತು. ಹಸಿರು ಸೀರೆಯ ಹೆಂಗಸೊಬ್ಬಳು ಕೈಯಲ್ಲಿ ಪುಟ್ಟ ಮನೆ ಹಿಡಿದು ನಗುತ್ತಿದ್ದಾಳೆ. ಆ ಮನೆ ನೋಟುಗಳನ್ನು ಮಡಚಿ ಮಾಡಿದ್ದು. ಕೆಳಗೆ ‘ಅಕ್ಕನ ಮನಿ: ತವರಿನಂಥ ಸಾಲ’. ಅದರ ಕೆಳಗೆ ಇಂಗ್ಲಿಷಿನಲ್ಲಿ ನಾವು ಮಾರಿದ ಹೆಸರು. ಡಾಟ್ ಕಾಮಿಗೆ ಮೊದಲಿನ ನಾಲ್ಕು ಅಕ್ಷರಕ್ಕೆ ಮಾತ್ರ ಬಂಗಾರದ ಬಣ್ಣ.

ಮನಿ. ಇಂಗ್ಲಿಷಿನ ಮನಿ. ರೊಕ್ಕ.

ಅಲ್ಲೇ ನಿಂತು ಬಾಯಿಬಿಟ್ಟು ಓದಿದೆ. ಮನೆ ಎಂಬುದು ಅವರಿಗೆ ಯಾಕೆ ಬೇಡವಾಗಿತ್ತು, ಸಾಹೇಬ ಯಾಕೆ ನಕ್ಕ, ಎಲ್ಲ ಒಂದೇ ಸಲ ಹೊಳೆಯಿತು. ಶಾಂತಕ್ಕ ಹಟ ಹಿಡಿದು ಹಾಕಿಸಿದ ಆ ಒಂದು ಅಕ್ಷರಕ್ಕೇ ಅವರು ಅಷ್ಟು ಕೊಟ್ಟಿದ್ದರು. ನನ್ನ ಮನಸ್ಸಿಗೆ ಮೊದಲು ಬಂದ ವಿಚಾರವನ್ನು ಮುಚ್ಚಿಡುವುದಿಲ್ಲ. ಅಯ್ಯೋ, ಇದು ಗೊತ್ತಿದ್ದರೆ ದುಪ್ಪಟ್ಟು ಕೇಳಬಹುದಿತ್ತಲ್ಲ, ಅಂದುಕೊಂಡೆ. ಬೆನ್ನು ಒತ್ತಿ ನೋಡಿದರೂ ಕುರಿಯ ತೂಕ ನನಗೆ ಹತ್ತಿರಲಿಲ್ಲ. ಬೆಳಗಾವಿಗೆ ವಾಪಸ್ ಬರುವ ತನಕ ಬಸ್ಸಿನಲ್ಲಿ ಕೈ ಹಿಸುಕಿಕೊಂಡದ್ದು ಅದಕ್ಕೇ. ಬೇರೆ ಯಾವುದಕ್ಕೂ ಅಲ್ಲ.

ಬೇರೆಯದು ಆಮೇಲೆ ಬಂತು. ಹೆಂಗಸರಿಗೆ ಫೋನಿನಲ್ಲೇ ಸಾಲ, ಕಾಗದವಿಲ್ಲ, ಜಾಮೀನಿಲ್ಲ. 'ಅಕ್ಕನ ಮನಿಯವರು ಕೊಡತಾರಂತ' ಎಂಬ ಮಾತು ಓಣಿ ಓಣಿ ಓಡಿತು. ಖಾನಾಪುರದಲ್ಲಿ ಅಕ್ಕನ ಮನಿ ಅಂದರೆ ಒಂದೇ. ನಾಳೆ ಕೊಡತೀನಿ ಅಂದರೂ ಉಣ್ಣಲು ನೀಡಿದ ಮನೆ ಅದು. ಮಂದಿ ಫೋನು ಒತ್ತಿದರು. ಕಂತು ತಪ್ಪಿದಾಗ ಮೋಟಾರ್ ಸೈಕಲ್ಲಿನ ಮೇಲೆ ಹುಡುಗರು ಬರತೊಡಗಿದರು. ಬಾಗಿಲಲ್ಲಿ ನಿಂತು, ಇಡೀ ಓಣಿಗೆ ಕೇಳುವ ಹಾಗೆ, “ಅಕ್ಕನ ಮನಿಯಿಂದ ಬಂದೇವ್ರೀ” ಎಂದು ಕೂಗುವುದು ಅವರ ಪದ್ಧತಿ. ಯಾರ ಫೋನಿನಲ್ಲಿ ಯಾರ ಯಾರ ನಂಬರಿದೆಯೋ ಅವರಿಗೆಲ್ಲ ಫೋನು ಹೋಗುತ್ತಿತ್ತು; ಬೀಗರಿಗೆ, ಮಗಳ ಅತ್ತೆಗೆ, ಮಕ್ಕಳ ಸಾಲಿ ಮಾಸ್ತರರಿಗೆ.

ಊಟದ ಹೊತ್ತಿನಲ್ಲಿ ಖಾನಾವಳಿಯ ಬಾಗಿಲಿಗೆ ಹೆಂಗಸರು ಬಂದು ನಿಂತರು. “ಒಳಗ ರೊಟ್ಟಿ ನೀಡತಿ, ನಮ್ಮ ಬಾಗಲಕ್ಕ ಗಂಡಸೂರನ್ನ ಕಳಸ್ತಿ. ಎಂಥಾ ಅಕ್ಕ ನೀ?” ಶಾಂತಕ್ಕ ತಿಳಿಸಿ ಹೇಳಲು ಹೋದಳು. ಆ ಅಕ್ಕನ ಮನಿ ಬೇರೆ, ಈ ಅಕ್ಕನ ಮನಿ ಬೇರೆ. “ಹೌದೇನು? ಹಂಗಾದ್ರ ನಿನ್ನ ಹೆಸರು ಅವರಿಗೆ ಹೆಂಗ ಸಿಕ್ಕತು?” ಅಂತ ಒಬ್ಬಳು ಕೇಳಿದಳಂತೆ. ಅದಕ್ಕೆ ಶಾಂತಕ್ಕನ ಹತ್ತಿರ ಉತ್ತರವಿತ್ತು, ಹೇಳುವ ಹಾಗಿರಲಿಲ್ಲ. ಅವಳು ಕೂತಿದ್ದ ನೆಲ, ಮೇಲಿನ ಹೆಂಚು, ಅದೇ ಉತ್ತರ.

ಒಂದು ಬೆಳಗ್ಗೆ ಸುಗಂಧಾ ಬರಲಿಲ್ಲ. ಹಿಂದಿನ ದಿನ ಅವಳೂ ಸಾಲ ತೆಗೆದದ್ದು ಹೊರಬಿದ್ದಿತ್ತು. ಹುಡುಗರು ಖಾನಾವಳಿಗೇ ಬಂದು, ಉಣ್ಣುವವರ ಮುಂದೆ ಅವಳ ಹೆಸರು ಹಿಡಿದು ಕೂಗಿದ್ದರು. ದಿನಾ ಅದೇ ಒಲೆಯ ಮುಂದೆ ಕೂತು, ಹೆಸರು ಮಾರುವ ಮಾತೆಲ್ಲ ಕೇಳಿಸಿಕೊಂಡವಳು. ನಮ್ಮ ಮಾತು ಅವಳಿಗೆ ಎಷ್ಟು ತಿಳಿದಿತ್ತೋ! “ಗೊತ್ತಿದ್ದೂ ಯಾಕ ತಗೊಂಡ್ಯೇ?” ಎಂದು ಹುಡುಗರು ಹೋದ ಮೇಲೆ ಶಾಂತಕ್ಕ ಕೇಳಿದರೆ, “ಅಕ್ಕಾ, ತುಝಂಚ ಆಹೇ ಅಸಂ ವಾಟಲಂ ಗ” ಅಂದಳಂತೆ. ನಿಂದೇ ಅಂದುಕೊಂಡೆ, ಅಂತ. ದೊಡ್ಡವರ ಜೊತೆ ಕೂಡಿ ಅಕ್ಕ ಶುರು ಮಾಡಿದ್ದಾಳೆ, ನಮ್ಮ ಅಕ್ಕನಿಗೆ ನಾವೇ ಗಿರಾಕಿ ಆಗದಿದ್ದರೆ ಹೇಗೆ ಎಂದು ಅವಳ ಲೆಕ್ಕ. ಗೋವಾದ ಕಡೆ ಹೋದಳು ಅಂತ ಯಾರೋ ಅಂದರು. ತವೆ, ಹಿಟ್ಟು ನಾದುವ ಕೊಣಮಿಗೆ, ಹಿಟ್ಟಿನ ಮೇಲೆ ಮುಚ್ಚಿದ ಒದ್ದೆ ಬಟ್ಟೆ ಇದ್ದಲ್ಲೇ ಇದ್ದವು.

ಶಾಂತಕ್ಕ ನನಗೆ ಫೋನು ಮಾಡಿದಳು. “ಬಿಳೇ ಬಣ್ಣ ತಗೊಂಡು ಬಾ.” ಅಷ್ಟೇ.

ನಡುಹಗಲಲ್ಲಿ, ನಾಲ್ಕು ಮಂದಿ ನೋಡುತ್ತಿರುವಾಗ, ಏಣಿ ಹತ್ತಿ ನಾನು ಬರೆದ ಅಕ್ಷರದ ಮೇಲೆ ನಾನೇ ಬಣ್ಣ ಹೊಡೆದೆ. ‘ಅ’ ನನಗೆ ಯಾವತ್ತೂ ಚೆನ್ನಾಗಿ ಬರುತ್ತದೆ, ಅದು ಬೇಗ ಅಳಿಯಲಿಲ್ಲ, ಇನ್ನೊಂದು ಕೈ ಹೊಡೆಯಬೇಕಾಯಿತು. ಕೆಳಗಿಳಿದು, “ಅಕ್ಕಾ, ನಾ ಮಾಡಿದ ವ್ಯವಹಾರದಾಗ ತಪ್ಪೇನೈತಿ ಹೇಳು. ರೇಟು ಕಮ್ಮಿ ಆತೇನು? ಹೊತ್ತು ತಪ್ಪೇನು?” ಅಂದೆ. ನನಗೂ ಸಿಟ್ಟು ಬಂದಿತ್ತು. ಮನೆ ಉಳಿಸಿಕೊಟ್ಟವನಿಗೆ ಈ ಮಾನವೇ ಎಂದು.

ಅವಳು ಕೂಗಾಡಲಿಲ್ಲ. “ನಿಮ್ಮಪ್ಪ ಕುರಿ ಮಾರೂವಾಗ, ತಗೊಳ್ಳಾಂವ ಸಾಕಾಕ ಒಯ್ತಾನೋ ಕೊಯ್ಯಾಕ ಒಯ್ತಾನೋ ಅನ್ನೂದು ಅವಗ ಗೊತ್ತಿರತಿತ್ತು. ಗೊತ್ತಿದ್ದ ಮಾರತಿದ್ದ. ನೀ ಕೇಳಿದ್ದೇನು?”

“ನೀನೂ ಕೇಳಲಿಲ್ಲಲ್ಲಾ.”

“ನಾ ಕೇಳಿದ್ನಿ. ಏನರೆ ಮಾಡಲಿ ನಮಗೇನು ಅಂದಿ.”

ಆ ವರ್ಷದಿಂದ ಪಂಚಮಿಗೆ ನಮ್ಮ ಮನೆಗೆ ಉಂಡಿ ಬರಲಿಲ್ಲ. ನಾನೂ ಕರೆಯಲು ಹೋಗಲಿಲ್ಲ. ಅಂಗಡಿಯ ಇನ್ವರ್ಟರ್ ಮಾತ್ರ ಕರೆಂಟು ಹೋದಾಗಲೆಲ್ಲ ಗುಂಯ್ ಎನ್ನುತ್ತದೆ. ಒಳ್ಳೆಯ ಮಾಲು, ಕೆಡುವುದೂ ಇಲ್ಲ.

ದೂರುಗಳು ಹೆಚ್ಚಿ, ಪೊಲೀಸರು ಬಂದು, ಒಂದಾನೊಂದು ದಿನ ಆ ಸಾಲದ ಕಂಪನಿ ಬಾಗಿಲು ಹಾಕಿತು. ಸಾಹೇಬನ ಫೋನು ಸ್ವಿಚ್ ಆಫ್ ಆಗಿತ್ತು. ನಾನು ಹೆಸರಿನ ಮೇಲೆ ಕಣ್ಣಿಟ್ಟೆ. ಇದು ಕಸುಬಿನ ಚಟ. ಅವರು ಫೀ ಕಟ್ಟಲಿಲ್ಲ, ಗಡುವು ಮುಗಿಯಿತು, ಹೆಸರು ಬೀದಿಗೆ ಬಿತ್ತು. ಬಿದ್ದ ಗಳಿಗೆಯಲ್ಲೇ ಎತ್ತಿಕೊಂಡೆ, ಹೊಸ ಹೆಸರಿಗೆ ಕಟ್ಟುವ ಸಣ್ಣ ಫೀಯಲ್ಲಿ. ತುದಿಯ ರೇಟಿಗೆ ಮಾರಿ, ತಳದ ರೇಟಿಗೆ ವಾಪಸ್ ಕೊಂಡದ್ದು. ನನ್ನ ಜನ್ಮದಲ್ಲೇ ಇಂಥ ವ್ಯವಹಾರ ಆಗಿರಲಿಲ್ಲ, ಯಾರಿಗಾದರೂ ಹೇಳಿ ಬೀಗಬೇಕು ಅನಿಸಿತು. ಹೇಳಬೇಕಾದವಳು ಒಬ್ಬಳೇ ಇದ್ದಳು. ಅದಕ್ಕೇ ಈ ಆಷಾಢದಲ್ಲಿ ಕೊಡೆ ಮಡಚಿ ಆ ಬಾಗಿಲಿಗೆ ಹೋದದ್ದು.

ತವೆಯ ಮುಂದಿನಿಂದಲೇ ಅವಳು ನೋಡಿದಳು. ಎಷ್ಟೋ ವರ್ಷ ‘ಬಾರೋ ತಮ್ಮಾ’ ಅಂದ ಬಾಯಿ, “ಬರ್ರಿ. ಕುಂದರ್ರಿ,” ಅಂದಿತು.

ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಆ ‘ರಿ’ ಕೇಳಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಕೂತೆ. ರೊಟ್ಟಿ ಬಂತು, ಪಲ್ಯ ಬಂತು, ಚಟ್ನಿ ಬಂತು. ರೊಟ್ಟಿ ಸ್ವಲ್ಪ ದಪ್ಪ, ಬಡಿದವಳು ಬೇರೆ.

“ಅಕ್ಕಾರ,” ಅಂದೆ. ನಾನೂ ‘ರ’ ಹಚ್ಚಬೇಕಾಯಿತು. “ಹೆಸರು ತಿರುಗಿ ಬಂದೈತ್ರಿ.”

“ಯಾ ಹೆಸರು?”

“ನಿಮ್ಮದ. ಅವರು ಬಿಟ್ಟರು, ನಾ ಹಿಡದೇನಿ. ನಿಮ್ಮ ಹೆಸರಿಗೆ ಮಾಡಿ ಕೊಡತೀನಿ. ಏನೂ ಕೊಡೂದು ಬ್ಯಾಡ.”

ಅವಳು ಪಕ್ಕದವರಿಗೆ ಸಾರು ನೀಡಿ ಬಂದಳು. “ನಮಗ್ಯಾಕರಿ? ಊಟ ಐತಿ ಅಂತ ಬರಸೇವಿ. ಮಂದಿಗೆ ಅಷ್ಟು ಗೊತ್ತಾದ್ರ ಸಾಕು.” ಸಾರಿನ ಪಾತ್ರೆ ಕೆಳಗಿಟ್ಟು, “ಈಗ ನೀವು ಅದನ್ನ ಬಿಟ್ಟಬಿಟ್ರ?”

“ಬ್ಯಾರೆ ಯಾರರೆ ಎತ್ಕೋತಾರ.”

“ಎತ್ಕೊಂಡು?”

ನಾನು ರೊಟ್ಟಿ ಮುರಿದೆ.

“ಹಂಗಾದ್ರ ಬಿಡಬ್ಯಾಡ್ರಿ,” ಅಂದಳು. “ಮಾರಲೂ ಬ್ಯಾಡ್ರಿ. ವರ್ಷಾ ವರ್ಷಾ ಕಟಗೊಂತ ಹೋಗ್ರಿ.”

“ಎಲ್ಲೀತನಕಾರಿ?”

“ನೀವು ಇರೂತನಕ. ಆಮ್ಯಾಗಿಂದು ನಿಮ್ಮ ಮಕ್ಕಳಿಗೆ ಹೇಳಿ ಹೋಗ್ರಿ.”

ಎದ್ದಾಗ ಊಟದ ರೊಕ್ಕ ತಗೊಂಡಳು. ಅಲ್ಲಿ ನಾನು ಕೊಟ್ಟದ್ದು ಅದೇ ಮೊದಲು. ಚಿಲ್ಲರೆ ಎಣಿಸಿ, ನೆಟ್ಟಗೆ ಕೈಯಲ್ಲಿ ಇಟ್ಟಳು.

ಯಾರೂ ಕೊಳ್ಳದ ಹೆಸರಿಗೆ ಮೇವು ಹಾಕಬೇಡಿ ಎಂದು ಊರಿಗೆಲ್ಲ ಹೇಳುವವನು ನಾನು. ಈಗ ಮಾರಬಾರದ ಹೆಸರೊಂದನ್ನು ಕಟ್ಟಿಕೊಂಡು ಕೂತಿದ್ದೇನೆ. ಬೇಲಿ ಹಾಕಲು ತೆಗೆದುಕೊಂಡ ‘ಮನೆ’ಯನ್ನೂ ಬಿಟ್ಟಿಲ್ಲ. ನನಗೇನು ಎರಡು ಅಡಗಿಮನಿ ಅದಾವೇನು ಅಂದಿದ್ದಳು, ಎರಡು ಹೆಸರಿಗೂ ನಾನೇ ಕಟ್ಟುತ್ತೇನೆ.

ಮೊನ್ನೆ ಒಂದು ಮೇಲ್ ಬಂದಿದೆ. ಯಾರೋ ಹೊಸಬರು. ಅಕ್ಕನಮನಿ ಮಾರುತ್ತೀರಾ? ಐ ಅಕ್ಷರದ್ದೇ. ಮಾರಾಟಕ್ಕಿಲ್ಲ ಅಂತ ಬರೆದೆ. ಈ ಮಾತನ್ನು ಚೌಕಾಸಿಗೆ ಹೇಗೆ ಬಳಸಬೇಕು ಎಂದು ನಾನೇ ಎಷ್ಟು ಮಂದಿಗೆ ಹೇಳಿಕೊಟ್ಟಿದ್ದೇನೋ. ಮರುದಿನ ರೇಟು ಏರಿತು. ಖರೇನೇ ಮಾರಾಟಕ್ಕಿಲ್ಲ ಅಂತ ಬರೆದೆ, ದುಪ್ಪಟ್ಟಾಯಿತು. ಇಷ್ಟು ಚೆಂದ ಚೌಕಾಸಿ ನಾನು ಬೇಕೆಂದು ಮಾಡಿದಾಗಲೂ ಆಗಿರಲಿಲ್ಲ. ಕೊನೆಗೆ ಒಂದೇ ಸಾಲು ಬರೆದು ಕೇಳಿದೆ: ನಿಮಗಿದು ಯಾತಕ್ಕೆ ಬೇಕು?

ಇವತ್ತು ಬೆಳಗ್ಗೆ ಉತ್ತರ ಬಂದಿದೆ. ಅದರ ಬಗ್ಗೆ ಒಂದಕ್ಷರವೂ ಇಲ್ಲ. ರೇಟು ಮಾತ್ರ ಇನ್ನಷ್ಟು ಏರಿದೆ.